ಹಳೆಯ ಬಟ್ಟೆಗೆ ಹಚ್ಚಿದ ಅರಿಶಿನ

ಅಕ್ಕಾರು ತೀರಿಕೊಂಡ ದಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಮೃದು ಸ್ವಭಾವದ, ಮಿತಭಾಷಿ ಹಿರಿಯರೊಬ್ಬರನ್ನು ಕಳೆದುಕೊಂಡಿದ್ದೇವೆ’ ಎಂದು ಬರೆದರು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಓದಿ ನಾನು ಫೋನನ್ನು ಸೋಫಾದ ಮೇಲೆ ಎಸೆದೆ. ಮೃದುವಂತೆ! ಮಿತಭಾಷಿಯಂತೆ! ಅವರು ಬೈದಷ್ಟು ನನ್ನನ್ನು ಹೆತ್ತ ತಾಯಿಯೂ ಬೈದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಆದರೆ ಸತ್ತವರು ಬೇರೆ ಯಾರೋ ಆಗಿಬಿಡುವಷ್ಟು ಒಳ್ಳೆಯದನ್ನು ಹೇಳಬಾರದು. ಆ ಸಿಟ್ಟಿಗೇ ಇದನ್ನು ಬರೆಯಲು ಕೂತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ. ಎಲ್ಲರೂ ಅಕ್ಕಾರು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ.

ಅವರನ್ನು ಮೊದಲು ಕಂಡದ್ದು ನಮ್ಮ ಮನೆಯ ಹೊಸ್ತಿಲಲ್ಲಿ. ನಾವು ಮೈಸೂರಿನಿಂದ ಬಂದು ಜರ್ಮನಿಯ ಫೊಯರ್‌ಬಾಕ್‌ನಲ್ಲಿ ಬಾಡಿಗೆ ಮನೆ ಹಿಡಿದ ಹೊಸತು. ಒಂದು ದಿನ ನಮ್ಮ ಬಾಗಿಲ ಹಿಡಿಕೆಗೆ ಯಾರೋ ಪುಟ್ಟದೊಂದು ಮರದ ಹಲಗೆ ತೂಗುಹಾಕಿ ಹೋಗಿದ್ದರು. ‘ಕೇರ್‌ವೊಖೆ’ ಎಂದು ಬರೆದಿತ್ತು. ಮುದ್ದಾಗಿದೆ, ಸ್ವಾಗತದ ಉಡುಗೊರೆ ಇರಬೇಕೆಂದು ಒಳಗೆ ತಂದು ಗೋಡೆಗೆ ಹಾಕಿದೆ. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು ಎಂಬ ಸೂಚನೆ ಅದೆಂದು ನನಗೆ ಯಾರು ಹೇಳಬೇಕು? ವಾರದ ಕೊನೆಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಿಳಿಯ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡ, ಪ್ಯಾಂಟು ಸ್ವೆಟರು ತೊಟ್ಟ ಕುಳ್ಳನೆಯ ಹೆಂಗಸು. ಕೈಯಲ್ಲಿ ಕಸಬರಿಗೆ. ಕರೆಗಂಟೆಯ ಮೇಲಿನ ಹೆಸರು ಓದಿಯೇ ನಾವು ಯಾವ ಕಡೆಯವರೆಂದು ಗೊತ್ತುಮಾಡಿಕೊಂಡಿದ್ದರು. ನಮಸ್ಕಾರವಿಲ್ಲ, ನಗುವಿಲ್ಲ. ನಾನು ಹೊದ್ದಿದ್ದ ಶಾಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮಗುಚಿ, ಹಿಂಬದಿ ನೋಡಿದರು.

“ಮಷೀನಿಂದು. ಕೈಮಗ್ಗ ಅಂತ ಹೇಳಿ ಮಾರ್ಯಾರ ನಿಮಗ. ಇರ್ಲಿ, ಮೆಟ್ಲ ಯಾವಾಗ ಗುಡಸಾವ್ರು?”

ನಾನು ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸದವಳು. ತಪ್ಪು ಎತ್ತಿ ತೋರಿಸುವುದು ನನ್ನ ಹಕ್ಕು ಎಂದುಕೊಂಡಿದ್ದವಳಿಗೆ ಅಂದು ಮುಖ ಕೆಂಪಾಯಿತು. ಕಸಬರಿಗೆ ಇಸಿದುಕೊಂಡು ಮೆಟ್ಟಿಲು ಗುಡಿಸಿದೆ. ಅವರು ಮೇಲಿನ ಮೆಟ್ಟಿಲ ಮೇಲೆ ಕೂತು, ಮೂಲೆ ಬಿಟ್ಟಿರಿ, ಮೂಲೆ ಬಿಟ್ಟಿರಿ ಅನ್ನುತ್ತಾ ಉದ್ದಕ್ಕೂ ನೋಡುತ್ತಿದ್ದರು. ಮುಗಿದ ಮೇಲೆ ತಮ್ಮ ಮನೆಗೆ ಕರೆದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿದರು. ಆ ರೊಟ್ಟಿಯ ರುಚಿಗೆ ನನ್ನ ಸಿಟ್ಟೆಲ್ಲ ಇಳಿಯಿತು. ಅಂದಿನಿಂದ ಅವರ ಕೆಳಗಿನ ಮನೆ, ನಮ್ಮ ಮೇಲಿನ ಮನೆ ಒಂದೇ ಮನೆಯಂತಾಯಿತು.

ಅಕ್ಕಾರು ಇಳಕಲ್ಲಿನ ನೇಕಾರರ ಮನೆಯವರು. ಎಂಜಿನಿಯರಿಂಗ್ ಓದಿ, ಸ್ಕಾಲರ್‌ಶಿಪ್ ಮೇಲೆ ಹ್ಯಾನೋವರ್‌ಗೆ ಬಂದು, ಆಮೇಲೆ ಇಲ್ಲಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವರು. ಎಂಜಿನಿನ ಫಿಲ್ಟರಿಗೆ ಹಾಕುವ ಕಾಗದ, ಬಟ್ಟೆಗಳ ನಾರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ತಡೆಯುತ್ತದೆ, ಇದು ಹರಿಯುತ್ತದೆ ಎಂದು ಹೇಳುವುದು ಅವರ ಕೆಲಸ. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. “ಪುರುಸೊತ್ತು ಆಗ್ಲಿಲ್ರಿ” ಅಂದರು. ತಮಾಷೆ ಎಂದುಕೊಂಡೆ, ಆದರೆ ಅವರು ನಗಲಿಲ್ಲ.

ಪುರುಸೊತ್ತೆಲ್ಲ ಎಲ್ಲಿಗೆ ಹೋಯಿತೆಂದು ತಿಳಿದದ್ದು ಅವರ ಒಳಕೋಣೆ ನೋಡಿದ ಮೇಲೆ. ಆ ಕೋಣೆಯ ಕಿಟಕಿಯ ಪರದೆ ವರ್ಷವಿಡೀ ಇಳಿದೇ ಇರುತ್ತಿತ್ತು. ಒಳಗೆ ಹೋಗುವ ಮುನ್ನ ಕೈ ತೊಳೆದು ಒರೆಸಿಕೊಳ್ಳಬೇಕು. ಉಂಗುರ, ಬಳೆ, ಗಡಿಯಾರ ತೆಗೆಯಬೇಕು, ಎಳೆಗೆ ಸಿಕ್ಕಿಕೊಳ್ಳುತ್ತವೆಂದು. ನಾನು ಮಾಂಗಲ್ಯದ ಸರವನ್ನು ಕುಪ್ಪಸದೊಳಗೆ ಸೇರಿಸಿಕೊಳ್ಳಬೇಕಿತ್ತು. ಗೋಡೆಯುದ್ದಕ್ಕೂ ಅಗಲವಾದ, ತೆಳುವಾದ ಡ್ರಾಯರುಗಳು. ಒಂದೊಂದರಲ್ಲೂ ತೆಳು ಕಾಗದದ ಮಧ್ಯೆ ಮಲಗಿಸಿದ ಬಟ್ಟೆಯ ತುಂಡುಗಳು. ಕೆಲವು ಅಂಗೈಯಷ್ಟು, ಕೆಲವು ಕರವಸ್ತ್ರದಷ್ಟು. ಎಲ್ಲವೂ ಪೆರು ದೇಶದ ಕರಾವಳಿಯ ಮರಳುಗಾಡಿನವು, ಕೊಲಂಬಸ್ಸನ ಹಡಗು ಆ ಕಡೆ ಮುಖ ಮಾಡುವುದಕ್ಕೂ ನೂರಾರು ವರ್ಷ ಮೊದಲು ನೇಯ್ದವು. ಅವುಗಳ ಕೆಂಪು ನೋಡಿ ನಾನು ಬಾಯಿ ತೆರೆದೆ. ಮೊನ್ನೆ ಬಣ್ಣದಲ್ಲಿ ಅದ್ದಿ ಎತ್ತಿದ ಹಾಗಿತ್ತು.

“ಮುಖಾ ಎಲ್ಲಾವೂ ಚಂದನ ಇರ್ತಾವ್ರಿ. ಬಟ್ಟೀದು ಬೆನ್ನು ನೋಡ್ಬೇಕು” ಎಂದು ಹೇಳಿ ಒಂದು ತುಂಡನ್ನು ಹಲಗೆಯ ಸಮೇತ ಮಗುಚಿ ತೋರಿಸಿದರು.

ಈ ಹುಚ್ಚು ಹಿಡಿದ ಕತೆಯನ್ನು ಅವರು ಎಷ್ಟು ಸಲ ಹೇಳಿದರೂ ಅದೇ ಉತ್ಸಾಹದಿಂದ ಹೇಳುತ್ತಿದ್ದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆಯೇ ಎರಡೂ ಕಡೆಯ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸುತ್ತಾರೆ. ಅದನ್ನು ಕೊಂಡಿ ಎನ್ನುತ್ತಾರೆ. ಅದು ಅವರ ಮನೆಯಲ್ಲಿ ಹೆಂಗಸರ ಕೆಲಸ. ಜರ್ಮನಿಗೆ ಬಂದು ಕೆಲವು ವರ್ಷವಾದ ಮೇಲೆ, ಬಸ್ಸು ತಪ್ಪಿದ ಒಂದು ಭಾನುವಾರ, ಹೊತ್ತು ಕಳೆಯಲು ಒಂದು ವಸ್ತುಸಂಗ್ರಹಾಲಯ ಹೊಕ್ಕರಂತೆ. ಅಲ್ಲಿ ಗಾಜಿನ ಹಿಂದೆ ಪೆರು ದೇಶದ ಹಳೆಯ ಬಟ್ಟೆಯೊಂದಿತ್ತಂತೆ.

“ಗಾಜಿಗೆ ಮೂಗು ಹಚ್ಚಿ ನಿಂತೆ. ಅಲ್ಲೇ ಐತಿ ಕೊಂಡಿ! ನಮ್ಮವ್ವ ಹಾಕತಿದ್ದಂಥಾ ಕೊಂಡಿ! ಗಾರ್ಡ್ ಬಂದು ಗಾಜು ಮುಟ್ಟಬ್ಯಾಡ್ರಿ ಅಂದ. ಇದು ನಮ್ಮ ಮನೀ ಕೆಲಸ ಐತ್ರಿ ಅಂದೆ. ನನ್ನ ಹುಚ್ಚಿ ಅನ್ಕೊಂಡ.”

“ಹಾಗಾದ್ರೆ ಇಳಕಲ್ಲಿನೋರೇ ಪೆರುಗೆ ಹೋಗಿ ಕಲಿಸಿದ್ರೇನು ಅಕ್ಕಾರೆ?” ಎಂದು ಕೆಣಕಿದೆ.

“ಹುಚ್ಚ ಮಾತಾಡಬ್ಯಾಡ್ರಿ. ಬೆರಳು ಎಲ್ಲಾರಿಗೂ ಹತ್ತ ಅದಾವು. ಒಂದ ಉಪಾಯ ಎರಡ ಕಡೆ ಹೊಳೀಬಾರದೇನು?”

ಹಾಗೆ ಶುರುವಾದದ್ದು. ಅವರು ಕಾರು ಇಟ್ಟುಕೊಳ್ಳಲಿಲ್ಲ, ರಜೆಗೆ ಸಮುದ್ರ ತೀರಕ್ಕೆ ಹೋಗಲಿಲ್ಲ, ಒಂದೇ ಕೋಟಿನಲ್ಲಿ ಚಳಿಗಾಲಗಳನ್ನು ಕಳೆದರು. ಹರಾಜಿನ ಕ್ಯಾಟಲಾಗುಗಳನ್ನು ನಾವು ಪಂಚಾಂಗ ನೋಡುವ ಹಾಗೆ ನೋಡುತ್ತಿದ್ದರು. ಒಮ್ಮೆ ನನ್ನನ್ನೂ ಹರಾಜಿಗೆ ಕರೆದುಕೊಂಡು ಹೋಗಿದ್ದರು. ಬೇಕಾದ ತುಂಡು ಬಂದಾಗ ನಂಬರಿನ ಹಲಗೆ ಎತ್ತಿದವರು ಇಳಿಸಲೇ ಇಲ್ಲ. ಬೇರೆಯವರು ಎತ್ತಿ ಇಳಿಸಿ, ಯೋಚಿಸಿ, ಮತ್ತೆ ಎತ್ತುತ್ತಿದ್ದರೆ ಇವರ ಕೈ ಧ್ವಜದ ಹಾಗೆ ನಿಂತೇ ಇತ್ತು. ಕೊನೆಗೆ ಎಲ್ಲರೂ ನಗುತ್ತ ಬಿಟ್ಟುಕೊಟ್ಟರು. ಹೊರಗೆ ಬಂದ ಮೇಲೆ ಭುಜ ತಿಕ್ಕಿಕೊಳ್ಳುತ್ತ, “ಇಳಿಸಿದ್ರ ತಾನ ಮನಸು ಅಳ್ಳಾಡೂದು?” ಅಂದರು.

ನಿವೃತ್ತಿ ಹತ್ತಿರ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಇಲ್ಲಿಯ ಗ್ರಂಥಾಲಯದ ಸಭಾಂಗಣದಲ್ಲಿ ತಮ್ಮ ಸಂಗ್ರಹವನ್ನೆಲ್ಲ ಪ್ರದರ್ಶನಕ್ಕೆ ಇಡಬೇಕು, ಪಕ್ಕದಲ್ಲಿ ಇಳಕಲ್ ಸೀರೆ ಹರವಿ ಎರಡೂ ಕೊಂಡಿಗಳನ್ನು ಜನಕ್ಕೆ ತೋರಿಸಬೇಕು ಎನ್ನುವುದು ಅವರ ಜೀವಮಾನದ ಆಸೆ. ಅದಕ್ಕೆ ಒಂದು ಕೊರತೆ ಇತ್ತು. ಅವರಲ್ಲಿದ್ದವೆಲ್ಲ ತುಂಡುಗಳು, ಒಂದೂ ಇಡೀ ಬಟ್ಟೆ ಇರಲಿಲ್ಲ. ಆ ಕೊರತೆಯೂ ತುಂಬಿತು. ಪರಿಚಯದ ವ್ಯಾಪಾರಿಯೊಬ್ಬ, ಹಳೆಯ ಜರ್ಮನ್ ಕುಟುಂಬವೊಂದರ ಅಟ್ಟದ ಮೇಲೆ ಇತ್ತೆಂದು ಹೇಳಿ, ಒಂದು ಇಡೀ ಹೊದಿಕೆಯನ್ನು ಅವರಿಗೆ ಮಾರಿದ. ಕಡುಗೆಂಪು, ಹಳದಿ, ನೀಲಿಯ ಮೆಟ್ಟಿಲಾಕಾರದ ತುಣುಕುಗಳು ಒಂದರ ಪಕ್ಕ ಒಂದು.

“ಕೌದಿ ಥರ ಇದೆ ಅಲ್ವಾ” ಅಂದೆ ನಾನು.

“ಕೌದಿ! ಕೌದಿ ಅಂತಾರ ಇದಕ್ಕ! ಕಣ್ಣ ತಗದ ನೋಡ್ರಿ, ಒಂದಾರ ಸೂಜಿ ಬಿದ್ದೈತೇನು? ಬಣ್ಣಕ್ಕ ಬಣ್ಣ ಕೊಂಡಿ ಹಾಕ್ಯಾರ, ಇಡೀ ಅರಿವಿ ಕೊಂಡಿ ಮ್ಯಾಲ ನಿಂತೈತಿ!”

ಅಂದು ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ, ಮದುವೆಮನೆಗಳಲ್ಲಿಯೂ.

ದೀಪಾವಳಿಗೆ ನಮ್ಮನ್ನು ಊಟಕ್ಕೆ ಕರೆದರು. ಆಗ ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದರು. ಹೋಳಿಗೆ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಅಕ್ಕಾರು ಒಳಗಿನಿಂದ ಆ ಹೊದಿಕೆಯನ್ನು ಹಲಗೆಯ ಮೇಲೆ ಮಲಗಿಸಿಕೊಂಡೇ ತಂದರು. ಪೂಜೆಯಲ್ಲಿ ಇಡಬೇಕೆಂದಲ್ಲ, ಅತ್ತೆಗೆ ತೋರಿಸಬೇಕೆಂದು. ಅತ್ತೆ ಕನ್ನಡಕ ಏರಿಸಿ, “ಓ, ಹಬ್ಬಕ್ಕೆ ಹೊಸ ಬಟ್ಟೆ ತಂದ್ರಾ? ಚೆನ್ನಾಗಿದೆ” ಅಂದರು. ‘ಹೊಸ ಬಟ್ಟೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕಾರ ಬಲಗೈ ತಾನಾಗಿ ದೇವರ ಮುಂದಿನ ಬಟ್ಟಲಿಗೆ ಹೋಯಿತು. ಉಂಗುರಬೆರಳು ಕಲಸಿದ ಅರಿಶಿನದಲ್ಲಿ ಅದ್ದಿಕೊಂಡಿತು. ಹೊದಿಕೆಯ ಮೂಲೆಗೆ ಒಂದು ಬೊಟ್ಟು ಇಟ್ಟಿತು.

ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದೇ. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ಯಾರು ಉಡುತ್ತಾರೆ? ಚಿಕ್ಕಂದಿನಿಂದ ಕಲಿತ ಕೈ, ಕೇಳದೆ ಮಾಡಿಬಿಟ್ಟಿತು. ಅತ್ತೆ ತೃಪ್ತಿಯಿಂದ ತಲೆಯಾಡಿಸಿದರು. ನನಗೆ ಏನು ನಡೆಯಿತೆಂದು ತಿಳಿಯುವಷ್ಟರಲ್ಲಿ ಅಕ್ಕಾರು ತಮ್ಮ ಬೆರಳನ್ನೇ ನೋಡುತ್ತ ನಿಂತಿದ್ದರು.

“ನಾ ಏನ್ ಮಾಡ್ದೆ?” ಅಂದರು. “ಅಯ್ಯ ಶಿವನ, ನಾ ಏನ್ ಮಾಡ್ದೆ!”

ಕೈ ತೊಳೆಯದೆ ಕೋಣೆಗೆ ಬಿಡದ, ನನ್ನ ಬಳೆ ಬಿಚ್ಚಿಸುತ್ತಿದ್ದ ಹೆಂಗಸು! ನನಗೆ ನಗು ಬಂತು, ನಕ್ಕೆ. ಅವರು ನಗಲಿಲ್ಲ. ನಾರು ಬಣ್ಣಗಳ ಸ್ವಭಾವ ಅವರಿಗೆ ಗೊತ್ತು. ಬಿಸಿಲಿಗೆ ಇಟ್ಟರೆ ಅರಿಶಿನ ಹಾರಿಹೋಗುತ್ತದೆ, ಆದರೆ ಜೊತೆಗೆ ಆ ಹಳೆಯ ಕೆಂಪು ನೀಲಿಗಳೂ ಮಂಕಾಗುತ್ತವೆ. ಕತ್ತಲಲ್ಲಿ ಇಟ್ಟರೆ ಹೊದಿಕೆ ಉಳಿಯುತ್ತದೆ, ಅರಿಶಿನವೂ ಉಳಿಯುತ್ತದೆ. ಹೋಳಿಗೆಯನ್ನು ಅಂದು ನಾವೇ ಬಡಿಸಿಕೊಂಡು ತಿಂದೆವು.

ಮುಂದಿನ ವಾರ ಒಂದು ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಟ್ಟೆ ಸರಿಪಡಿಸುವ ತಜ್ಞೆಯ ಬಳಿ ಟೆರ್ಮೀನ್, ಅಂದರೆ ಭೇಟಿಯ ಸಮಯ, ತೆಗೆದುಕೊಂಡರು. ಕಾರಿದ್ದದ್ದು ನಮ್ಮಲ್ಲಿ, ಹಾಗಾಗಿ ನಾನೂ ಹೋದೆ. ತಜ್ಞೆ ಮೆಲುದನಿಯ ಜರ್ಮನ್ ಹೆಂಗಸು. ಅರಿಶಿನದ ಬೊಟ್ಟನ್ನು ಭೂತಗನ್ನಡಿಯಲ್ಲಿ ನೋಡಿ, ಇದನ್ನು ತೆಗೆಯಲು ಹೋದರೆ ಬಟ್ಟೆಗೂ ಸ್ವಲ್ಪ ಪೆಟ್ಟಾಗುತ್ತದೆ, ಹೀಗೇ ಬಿಡುವುದು ಮೇಲು ಎಂದರು. ಆಮೇಲೆ ಭೂತಗನ್ನಡಿಯನ್ನು ಹೊದಿಕೆಯ ನಡುವೆ ಇದ್ದ ಒಂದು ಕಂದು ಕಲೆಯ ಮೇಲೆ ಹಿಡಿದರು. ಅದು ಅಟ್ಟದ ತೇವದ ಕಲೆ ಎಂದು ವ್ಯಾಪಾರಿ ಹೇಳಿದ್ದ.

“ಇದು ತೇವದ್ದಲ್ಲ” ಅಂದರು. “ಮೈಯದು. ಸತ್ತವರನ್ನು ಕುಳ್ಳಿರಿಸಿ ಹೂಳುತ್ತಿದ್ದರು, ಸುತ್ತ ಇಂಥ ಹೊದಿಕೆ ಸುತ್ತಿ. ಮಡಿಕೆಯ ಸಂದಿಯಲ್ಲಿ ಮರಳು ಇನ್ನೂ ಇದೆ. ಅಟ್ಟದ ಮೇಲೆ ತುಂಬಾ ವರ್ಷ ಇದ್ದ ಬಟ್ಟೆಯಲ್ಲ ಇದು. ಸಮಾಧಿ ಅಗೆದು ತೆಗೆದದ್ದು, ಅದೂ ಈಚೆಗೆ ಅಂತ ನನಗನ್ನಿಸುತ್ತದೆ.”

ಆಮೇಲೆ ಇನ್ನೊಂದು ಮಾತು ಹೇಳಿದರು. ಅಷ್ಟು ಹಳೆಯ ಬಟ್ಟೆ ಉಳಿದಿರುವುದೇ ಮರಳಿನಡಿಯ ಗೋರಿಗಳಲ್ಲಿ, ಹಾಗಾಗಿ ನಿಮ್ಮ ಡ್ರಾಯರುಗಳಲ್ಲಿರುವ ತುಂಡುಗಳೂ ಹೆಚ್ಚುಕಡಿಮೆ ಅಲ್ಲಿಂದಲೇ ಬಂದಿರಬೇಕು ಎಂದು.

ವಾಪಸು ಬಂದು ಮನೆ ಮುಂದೆ ಕಾರು ನಿಲ್ಲಿಸಿದಾಗ ನಾನು ಕೇಳಿದೆ, “ನಿಮಗೆ ಮೊದಲೇ ಗೊತ್ತಿರಲಿಲ್ವಾ? ಅಷ್ಟೊಂದು ಓದಿದ್ದೀರಿ.”

“ಓದಿದ್ದೆ” ಅಂದರು. “ಪುಸ್ತಕದಾಗ ಬರದಿದ್ರು. ಆದ್ರ ತುಂಡು ನೋಡಾಗ ನನಗ ನೂಲ ಕಾಣತಿತ್ರಿ, ಮನಶ್ಯಾ ಕಾಣತಿದ್ದಿಲ್ಲ. ಮಲಗಿದವ್ರ ಮೈಮ್ಯಾಲಿನ ಹೊದಿಕಿ ಎಳಕೊಂಡ ಬಂದು ಹೊಸಾ ಅರಿವಿ ಅಂತ ಅರಿಶಿಣ ಹಚ್ಚೇನಿ ನಾ.”

ಅವರು ಅತ್ತದ್ದನ್ನು ನಾನು ಆಗಲೇ ಮೊದಲು ನೋಡಿದ್ದು. ಸದ್ದಿಲ್ಲದೆ, ಸೀಟ್ ಬೆಲ್ಟ್ ಕೂಡ ಬಿಚ್ಚದೆ ಅತ್ತರು.

ನಮ್ಮ ಮನೆಯಲ್ಲಿ ನಡೆದದ್ದು ಬೇರೆಯೇ ಪ್ರಹಸನ. ಹೆಣಕ್ಕೆ ಸುತ್ತಿದ ಬಟ್ಟೆ ಎಂದು ಕೇಳಿದ್ದೇ ಅತ್ತೆ ತಲೆಗೆ ಸ್ನಾನ ಮಾಡಿದರು. ನನ್ನನ್ನೂ ಮಾಡಿಸಿದರು. ಹಬ್ಬದ ದಿನ ಉಟ್ಟ ರೇಷ್ಮೆ ಸೀರೆಯನ್ನು ಬಾಲ್ಕನಿಗೆ ಎಸೆದು, “ಇನ್ನು ಆ ಮನೇಲಿ ನೀರೂ ಕುಡೀಬೇಡ, ಎಲ್ಲಾ ಮೈಲಿಗೆ” ಎಂದು ಕಟ್ಟಪ್ಪಣೆ ಹೊರಡಿಸಿದರು. ಇದನ್ನು ನಗಿಸಲೆಂದು ಅಕ್ಕಾರಿಗೆ ಹೇಳಿದೆ. ಅವರು ಯೋಚಿಸಿ ಅಂದರು, “ನಿಮ್ಮತ್ತಿ ಒಂದ ತಪ್ಪು ಹೇಳ್ಯಾರ. ಸತ್ತವ್ರಿಂದ ನಮಗ ಮೈಲಿಗಿ ಆಗಿಲ್ಲ. ನಮ್ಮಿಂದ ಅವ್ರಿಗೆ ಆಗೈತಿ.” ಈ ಮಾತನ್ನು ಅತ್ತೆಗೆ ತಲುಪಿಸಿದೆ. ಅವರಿಗೆ ಏನು ಅನ್ನಿಸಿತೋ, ಬಾಲ್ಕನಿಯ ಸೀರೆ ಎತ್ತಿಕೊಂಡು ಬಂದು ಮಡಿಸಿಟ್ಟರು. ಸಂಜೆ ತಾವೇ ಕೆಳಗೆ ಹೋಗಿ ಅಕ್ಕಾರ ಜೊತೆ ಕೂತು ಬಂದರು.

ಅಕ್ಕಾರು ಅಳುತ್ತ ಕೂರುವ ಪೈಕಿ ಅಲ್ಲ. ಮರುವಾರವೇ ಗ್ರಂಥಾಲಯಕ್ಕೆ ಫೋನು ಮಾಡಿ ಪ್ರದರ್ಶನ ರದ್ದು ಮಾಡಿದರು. ಬರ್ಲಿನ್ನಿನಲ್ಲಿರುವ ಪೆರು ದೇಶದ ರಾಯಭಾರ ಕಚೇರಿಗೆ ಬರೆದರು: ಹೊದಿಕೆಯನ್ನು, ಜೊತೆಗೆ ಇರುವ ಎಲ್ಲ ತುಂಡುಗಳನ್ನು, ಹಿಂತಿರುಗಿಸುತ್ತೇನೆ. ಚಿತ್ರ ಕಳಿಸಿ ಎಂದು ಉತ್ತರ ಬಂತು. ಲ್ಯಾಬಿನಲ್ಲಿ ರಜೆ ಹಾಕಿ ಒಂದೊಂದನ್ನೂ ಮುಂದೆ ಹಿಂದೆ ಚಿತ್ರ ತೆಗೆದರು. ನಾನು ದೀಪ ಹಿಡಿದೆ, ಬೈಸಿಕೊಂಡೆ.

ಸುದ್ದಿ ಹರಡಿತು. ನಮ್ಮವರ ಪ್ರದರ್ಶನ ಎಂದು ಆಸೆಯಿಂದ ಕಾದಿದ್ದ ಜನಕ್ಕೆ ಬೇಜಾರಾಯಿತು. ಯುಗಾದಿ ಕೂಟದಲ್ಲಿ ಎರ್ಲಾಂಗೆನ್‌ನಿಂದ ಬಂದಿದ್ದ ಒಬ್ಬ ತರುಣ, “ಏನಕ್ಕಾ ಇದು, ಬ್ರಿಟಿಷ್‌ನೋರು ಕೊಹಿನೂರ್ ವಾಪಸ್ ಕೊಟ್ರಾ? ನೀವ್ಯಾಕೆ ಕೊಡ್ಬೇಕು? ಲೀಗಲ್ ಆಗಿ ತಗೊಂಡಿದೀರ ತಾನೆ?” ಎಂದು ಕೇಳಿದ. ಅಕ್ಕಾರು ತಟ್ಟೆ ಕೆಳಗಿಟ್ಟರು.

“ಅವ್ರು ಕೊಡ್ಲಿಲ್ಲಂತ ಬೈಯಾವ್ರು ನಾವ ಹೌದಿಲ್ಲೊ ತಮ್ಮಾ? ನಾ ಇದನ್ನ ಬಚ್ಚಿಟ್ಕೊಂಡು ಕುಂತ್ರ, ನಾಳೆ ಬೈಯಾಕ ಬಾಯಿ ಎಲ್ಲಿಂದ ತರ್ಲಿ?”

ಆ ತರುಣ ಪಾಪ, ಹೋಳಿಗೆ ಹಾಕಿಸಿಕೊಳ್ಳಲು ಎದ್ದು ಹೋದ.

ಆದರೆ ನಿಜವಾದ ಪರೀಕ್ಷೆ ಬಂದದ್ದು ವ್ಯಾಪಾರಿಯ ರೂಪದಲ್ಲಿ. ಹೊದಿಕೆ ರಾಯಭಾರ ಕಚೇರಿಗೆ ಹೋದರೆ ಎಲ್ಲಿಂದ ಬಂತೆಂದು ಕೇಳುತ್ತಾರೆ, ಅವನ ಹೆಸರು ಹೊರಬರುತ್ತದೆ. ಅಕ್ಕಾರು ತಾವೇ ಅವನಿಗೆ ಹೇಳಿದ್ದರು, ಬೆನ್ನ ಹಿಂದೆ ಮಾಡುವುದು ಅವರ ಜಾಯಮಾನವಲ್ಲ. ಒಂದು ಶನಿವಾರ ಅವನೇ ಮನೆಗೆ ಬಂದ. ಅಕ್ಕಾರು ಒಬ್ಬರೇ ಇರುವುದು ಬೇಡ ಎಂದು ನಾನು ಕೆಳಗೆ ಹೋಗಿ ಕೂತೆ. ಒಳ್ಳೆಯ ಸೂಟು, ಒಳ್ಳೆಯ ಮಾತು. ತಪ್ಪಾಗಿದೆ, ನನಗೂ ಗೊತ್ತಿರಲಿಲ್ಲ, ಹೊದಿಕೆ ನನಗೆ ಹಿಂತಿರುಗಿಸಿ ಎಂದ. ಬದಲಿಗೆ ಇದು ಇರಲಿ ಎಂದು ಚಪ್ಪಟೆ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ತೆರೆದ. ಒಳಗೆ ಹಕ್ಕಿಯ ಗರಿಗಳನ್ನು ಬಟ್ಟೆಗೆ ಕಟ್ಟಿ ಮಾಡಿದ ಒಂದು ಫಲಕ. ಹಳದಿ ಮತ್ತು ನೀಲಿ ಗರಿಗಳು, ಈಗಷ್ಟೇ ಉದುರಿಸಿದ ಹಾಗೆ ಹೊಳೆಯುತ್ತಿದ್ದವು. ಅಂಥದ್ದೊಂದಕ್ಕಾಗಿ ಅಕ್ಕಾರು ಎಷ್ಟು ಹರಾಜುಗಳಲ್ಲಿ ಕಾದಿದ್ದರೆಂದು ನನಗೆ ಗೊತ್ತು. ಅವನಿಗೂ ಗೊತ್ತು.

ಅಕ್ಕಾರು ಆ ಗರಿಗಳನ್ನು ನೋಡಿದರು. ಕೈ ಒಂದಿಷ್ಟು ಮುಂದೆ ಬಂತು. ನನ್ನ ಮನಸ್ಸು, ತಗೊಂಡುಬಿಡಿ ಅಕ್ಕಾರೆ, ಯಾರಿಗೆ ತಿಳಿಯುತ್ತದೆ, ಇಷ್ಟು ವರ್ಷ ದುಡಿದಿದ್ದೀರಿ ಎಂದಿತು. ಸುಳ್ಳೇಕೆ, ಹಾಗೇ ಅನ್ನಿಸಿತು.

“ಇದನ್ನು ಯಾರ ಮೈಮೇಲಿಂದ ತೆಗೆದಿರಿ?” ಎಂದು ಅಕ್ಕಾರು ಜರ್ಮನ್ನಿನಲ್ಲಿ ಕೇಳಿದರು.

ಅವನು ನಕ್ಕ. ಇದಕ್ಕೆ ಕಾಗದಪತ್ರ ಇದೆ ಎಂದ. ಹೊದಿಕೆಗೂ ಇದೆ ಅಂದಿದ್ದಿರಲ್ಲ ಎಂದರು ಇವರು. ಅವನ ದನಿ ಬದಲಾಯಿತು. ನೀವು ಕೊಟ್ಟರೂ ಅಲ್ಲಿ ಯಾವುದೋ ಗೋದಾಮಿನಲ್ಲಿ ಕೊಳೆಯುತ್ತದೆ, ನಿಮ್ಮಷ್ಟು ಪ್ರೀತಿಯಿಂದ ಅದನ್ನು ಯಾರೂ ನೋಡಿಕೊಳ್ಳುವುದಿಲ್ಲ ಎಂದ. ಅದು ಅವರಿಗೆ ತಗುಲಿತು, ನಾನು ನೋಡಿದೆ. ಆಮೇಲೆ ಎದ್ದು, ಅವನ ಕೋಟನ್ನು ಗೂಟದಿಂದ ತೆಗೆದು, ಅಂಚು ಮಗುಚಿ ಒಳಭಾಗದ ಹೊಲಿಗೆ ನೋಡಿ, ಅವನ ಕೈಗೆ ಕೊಟ್ಟರು.

“ನನ್ನ ಪ್ರೀತಿ ಇರಲಿ” ಎಂದರು ಅವನಿಗೆ. “ಬಟ್ಟೆ ನನ್ನದಲ್ಲ.”

ಅವನು ಹೋದ ಮೇಲೆ ಬಾಗಿಲು ಹಾಕಿ, ಚಿಲಕ ಹಾಕಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಬಯ್ಯತೊಡಗಿದರು. ಅವನನ್ನಲ್ಲ, ನನ್ನನ್ನು. “ನಿಮ್ಮ ಮಾರಿ ನೋಡಿದ್ನಿ. ತಗೋರಿ ತಗೋರಿ ಅಂತಿತ್ತು ಮಾರಿ!” ಇಬ್ಬರಿಗೂ ಚಹಾ ಮಾಡಿದೆ.

ಬರ್ಲಿನ್ನಿನಿಂದ ಕರೆ ಬಂದದ್ದು ಬೇಸಿಗೆಯಲ್ಲಿ, ಅವರ ನಿವೃತ್ತಿಯಾದ ಮೇಲೆ. ಹೊದಿಕೆಯನ್ನು ಉದ್ದನೆಯ ಕೊಳವೆಗೆ ಸುತ್ತಿ, ಅಳತೆಗೆ ಮಾಡಿಸಿದ ಮರದ ಪೆಟ್ಟಿಗೆಯಲ್ಲಿ ಮಲಗಿಸಿದರು. ತುಂಡುಗಳನ್ನು ಬೇರೆ ಪೆಟ್ಟಿಗೆಗೆ ತುಂಬುವಾಗ ನಾನು ತಡೆಯಲಾರದೆ, ಅವರು ಮೊತ್ತಮೊದಲು ಕೊಂಡಿದ್ದ, ಕೊಂಡಿ ಕಾಣುವ ಅಂಗೈಯಗಲದ ಚೂರನ್ನು ತೋರಿಸಿ, “ಇದೊಂದು ಚೂರು ಇಟ್ಕೊಳ್ಳಿ. ಇಷ್ಟು ಸಣ್ಣದು ಯಾರಿಗೆ ಬೇಕು?” ಅಂದೆ.

“ಸಣ್ಣ ಕಳುವು ಕಳುವಲ್ಲೇನ್ರಿ?” ಎಂದರು. ಬೈಗುಳದ ದನಿಯಲ್ಲಲ್ಲ, ಬೇಡಿಕೊಳ್ಳುವ ದನಿಯಲ್ಲಿ. “ಹಂಗ ಕೇಳಬ್ಯಾಡ್ರಿ ನನಗ. ಕೇಳಿದ್ರ ಇಟ್ಕೊಂಬಿಡ್ತೇನಿ.” ಆ ಚೂರನ್ನು ತಾವೇ ಎಲ್ಲಕ್ಕಿಂತ ಮೊದಲು ಪೆಟ್ಟಿಗೆಯ ತಳದಲ್ಲಿಟ್ಟರು, ಮತ್ತೆ ಕೈಗೆ ಸಿಗದ ಹಾಗೆ.

ರೈಲಿನಲ್ಲಿ ಉದ್ದ ಪೆಟ್ಟಿಗೆಯನ್ನು ನಮ್ಮಿಬ್ಬರ ಮಡಿಲ ಮೇಲೆ ಅಡ್ಡ ಇಟ್ಟುಕೊಂಡೇ ಕೂತಿದ್ದೆವು. ಟಿಕೆಟ್ ನೋಡಲು ಬಂದವನು ಮೇಲೆ ಸಾಮಾನಿನ ಜಾಗವಿದೆಯಲ್ಲ ಎಂದ. ಇದು ಸಾಮಾನಲ್ಲ ಎಂದು ಅಕ್ಕಾರು ಹೇಳಿದರು.

ಕಚೇರಿಯಲ್ಲಿ ನಮ್ಮನ್ನು ಬರಮಾಡಿಕೊಂಡದ್ದು ಪೆರು ದೇಶದ ಒಬ್ಬ ಅಧಿಕಾರಿಣಿ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹೊದಿಕೆಯನ್ನು ನಿಧಾನವಾಗಿ ಬಿಡಿಸಿ ನೋಡಿದರು. ಮೂಲೆಯ ಹಳದಿ ಬೊಟ್ಟಿನ ಬಳಿ ನಿಂತು, ಇದೇನು ಎಂದು ಕೇಳಿದರು. ಅಕ್ಕಾರು ಮುಚ್ಚಿಡಲಿಲ್ಲ. ನಮ್ಮ ಕಡೆ ಹೊಸ ಬಟ್ಟೆಗೆ ಒಳ್ಳೆಯದಾಗಲಿ ಎಂದು ಅರಿಶಿನ ಹಚ್ಚುತ್ತೇವೆ, ಅಭ್ಯಾಸದಿಂದ ಹಚ್ಚಿಬಿಟ್ಟೆ, ಇದು ನನ್ನ ತಪ್ಪು, ನಿಮ್ಮ ಜನರಿಗೆ ನನ್ನ ಹೆಸರು ಹೇಳಿಯೇ ತಿಳಿಸಿ ಎಂದರು. ಅಧಿಕಾರಿಣಿ ಬರೆದುಕೊಂಡರು. ಬರೆದು ಮುಗಿಸಿ ಅಕ್ಕಾರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಆಮೇಲೆ ಹೊದಿಕೆಯನ್ನು ಮತ್ತೆ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದರು. ಇಬ್ಬರು ಬಂದು ಪೆಟ್ಟಿಗೆಯ ಎರಡೂ ತುದಿಗೆ ಕೈ ಹಾಕಿದರು.

ಯಾರನ್ನೇ ಕಳಿಸಿಕೊಡುವಾಗ ನಮ್ಮ ಬಾಯಲ್ಲಿ ‘ಹೋಗು’ ಎಂಬ ಮಾತು ಬರುವುದಿಲ್ಲ. ಅದು ಅಪಶಕುನ. ಹೋಗಿ ಬಾ ಎನ್ನುತ್ತೇವೆ. ಪೆಟ್ಟಿಗೆ ಮೇಜಿನಿಂದ ಮೇಲೇಳುತ್ತಿದ್ದ ಹಾಗೆ ಗೊತ್ತಿಲ್ಲದೆ ಗಟ್ಟಿಯಾಗಿಯೇ, “ಹೋಗಿ ಬಾಮ್ಮ” ಅಂದುಬಿಟ್ಟೆ.

“ಬಾ ಅನಬ್ಯಾಡ್ರಿ!” ಅಕ್ಕಾರು ಕೂಗಿದರು. ಪೆಟ್ಟಿಗೆ ಹಿಡಿದವರು ಬೆಚ್ಚಿ ನಿಂತರು. ಅಕ್ಕಾರು ಎರಡು ಹೆಜ್ಜೆ ಮುಂದೆ ಹೋಗಿ ಮುಚ್ಚಳದ ಮೇಲೆ ಅಂಗೈ ಊರಿದರು. ಕಣ್ಣೀರು ಇಳಿಯುತ್ತಿತ್ತು, ದನಿ ಮಾತ್ರ ಅಳ್ಳಾಡಲಿಲ್ಲ.

“ಹೋಗವ್ವಾ” ಅಂದರು. “ಹೋಗು. ಮತ್ತ ಬರಬ್ಯಾಡ.”